ಮೆದುಳಿಗೆ ಆಮ್ಲಜನಕದ ಪೂರೈಕೆ

ಕಲಾವಿಭಾಗದ ವಿದ್ಯಾರ್ಥಿಗೆ ಶರೀರಶಾಸ್ತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ಶರೀರವಂತೂ ಎಲ್ಲ ವಿಭಾಗದವರಿಗೂ ಉಂಟಷ್ಟೆ!

ಪ್ರಾಯಕ್ಕೆ ಬಂದ ಮನುಷ್ಯನ ಮೆದುಳಿನ ತೂಕ ಸುಮಾರು 1,400 ಗ್ರಾಂ. ಎಂದರೆ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ನಾವು ಸುಮ್ಮನೆ ಕುಳಿತಿರುವಾಗ ದೇಹವು ಬಳಸುವ ಆಮ್ಲಜನಕದಲ್ಲಿ ಐದರಲ್ಲೊಂದು ಪಾಲು ಇದೊಂದಕ್ಕೇ ಬೇಕು.

ಉಸಿರಿನೊಡನೆ ಶ್ವಾಸಕೋಶವನ್ನು ಸೇರಿದ ಆಮ್ಲಜನಕವನ್ನು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ ವಸ್ತು ಹಿಡಿದುಕೊಳ್ಳುತ್ತದೆ. ಆ ರಕ್ತವನ್ನು ಹೃದಯದ ಎಡಭಾಗವು ಮಹಾಧಮನಿಗೆ ನೂಕುತ್ತದೆ. ಅಲ್ಲಿಂದ ಅದು ನಾಲ್ಕು ನಾಳಗಳ ಮೂಲಕ ತಲೆಗೆ ಏರುತ್ತದೆ. ಗಂಟಲ ಎರಡು ಪಕ್ಕದಲ್ಲಿ ಬೆರಳಿಗೆ ಮಿಡಿತ ತಿಳಿಯುವುದು ಎರಡು. ಕತ್ತಿನ ಮೂಳೆಗಳ ರಂಧ್ರಗಳಲ್ಲಿ ನುಸುಳಿ ಹಿಂದಿನಿಂದ ಹೋಗುವುದು ಇನ್ನೆರಡು. ಹೀಗೆ ನಿಮಿಷಕ್ಕೆ ಸುಮಾರು ಮುಕ್ಕಾಲು ಲೀಟರು ರಕ್ತ ಮೆದುಳಿಗೆ ಹರಿಯುತ್ತದೆ. ಮೆದುಳಿನ ಬುಡದಲ್ಲಿ ಈ ನಾಳಗಳು ಬಳೆಯಂತೆ ಕೂಡಿಕೊಂಡಿವೆ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸನು 1664ರಲ್ಲಿ ಇದನ್ನು ವರ್ಣಿಸಿದುದರಿಂದ ಇದಕ್ಕೆ ಅವನ ಹೆಸರೇ ನಿಂತಿದೆ. ಒಂದು ಕಡೆ ಅಡ್ಡಿಯಾದರೆ ಮತ್ತೊಂದು ಕಡೆಯಿಂದ ರಕ್ತ ಬರಲೆಂಬ ಏರ್ಪಾಡು ಇದು. ಆದರೆ ಈ ಬಳೆ ಎಲ್ಲರಲ್ಲಿಯೂ ಪೂರ್ಣವಾಗಿರುವುದಿಲ್ಲ. ಬಳೆಯಿಂದ ಮುಂದೆ ಹೋದ ಕವಲು ಕಟ್ಟಿದರೆ ಇದರಿಂದ ಆಗುವ ಪ್ರಯೋಜನವೂ ಅಲ್ಪ.

ನಮ್ಮ ಬಿ.ದುರ್ಗದ ಕಡೆಯವರಿಗೆ ಕೆರೆಯ ಬೆಲೆ ಗೊತ್ತು. ಮಳೆ ನಿಂತ ಮೇಲೂ ಭೀಮಸಮುದ್ರದ ಕೆರೆಯ ನೀರು ಅಡಕೆಯ ತೋಟಗಳನ್ನು ಕೆಲಕಾಲ ಕಾಯುತ್ತದೆ. ಮೆದುಳಿಗೆ ಅಂತಹ ಕೆರೆಯಿಲ್ಲ. ರಕ್ತ ಪೂರ್ತಿಯಾಗಿ ನಿಂತರೆ ಸುಮಾರು 10 ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ. ನಾಲ್ಕೈದು ನಿಮಿಷ ಕಳೆದರೆ ಜೀವಕೋಶಗಳು ಸಾಯತೊಡಗುತ್ತವೆ.

ಹಳ್ಳಿಗಳಲ್ಲಿ ‘ಲಕ್ವ ಹೊಡೆಯಿತು’ ಎನ್ನುವುದು ಬಹುಮಟ್ಟಿಗೆ ಒಂದು ಕವಲು ಕಟ್ಟಿದುದರ ಫಲ. ನನ್ನ ಅಜ್ಜನವರಿಗೆ ಹೀಗಾದಾಗ ಗಾಳಿ ಸೋಕಿದೆಯೆಂದು ಎಣ್ಣೆ ತಿಕ್ಕುತ್ತಲೇ ಒಂದು ಹಗಲು ಕಳೆಯಿತೆಂದು ತಂದೆಯವರು ಹೇಳುತ್ತಾರೆ. ಬಲಗೈಯೂ ಮಾತೂ ಹೋದುವು. ಮೆದುಳಿನ ಎಡಭಾಗವು ದೇಹದ ಬಲಭಾಗವನ್ನು ಆಳುತ್ತದೆ. ಮಾತಿನ ನೆಲೆಯೂ ಹೆಚ್ಚಿನವರಲ್ಲಿ ಎಡಭಾಗವೇ. ಎಣ್ಣೆ ಬಿದ್ದುದು ತೋಳಿಗೆ, ಕೇಡು ಇದ್ದುದು ತಲೆಯಲ್ಲಿ.

ಕವಲು ಕಟ್ಟಿದಾಗ ನಡುವಿನ ಭಾಗ ಬೇಗ ಸತ್ತರೂ ಅದರ ಸುತ್ತಲಿನ ಭಾಗವು ಪಕ್ಕದ ನಾಳಗಳಿಂದ ಜಿನುಗುವ ರಕ್ತದಿಂದ ಕೆಲವು ಗಂಟೆ ಜೀವ ಹಿಡಿದಿರುತ್ತದೆ. ಅದನ್ನು ಉಳಿಸಲೆಂದೇ ಹೆಪ್ಪು ಕರಗಿಸುವ ಔಷಧವನ್ನು ನಾಲ್ಕೂವರೆ ಗಂಟೆಯೊಳಗೆ ಚುಚ್ಚುತ್ತಾರೆ. ನಾಳ ಒಡೆದಿದ್ದರೆ ಅದೇ ಔಷಧ ಪ್ರಾಣಕ್ಕೆ ಅಪಾಯವಾದುದರಿಂದ ಮೊದಲು ಸ್ಕ್ಯಾನ್ ಮಾಡಿ ನೋಡಬೇಕು. ಮನೆಯಲ್ಲಿ ಕುಳಿತು ಇದನ್ನು ಯಾರೂ ಹೇಳಲಾರರು. ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ ತಡಮಾಡದೆ 108ಕ್ಕೆ ಫೋನು ಮಾಡಬೇಕು. ನುಂಗುವ ಶಕ್ತಿ ಕುಂದಿರಬಹುದಾದ್ದರಿಂದ ಬಾಯಿಗೆ ನೀರನ್ನೂ ಹಾಕಕೂಡದು. ತೊಂದರೆ ಮೊದಲು ಕಂಡ ಹೊತ್ತನ್ನು ನೆನಪಿಟ್ಟುಕೊಳ್ಳಬೇಕು. ವೈದ್ಯರು ಅದನ್ನು ಕೇಳಿಯೇ ಕೇಳುತ್ತಾರೆ. ಗಡಿಯಾರ ನೋಡಿರದಿದ್ದರೆ ‘ಹಾಲು ಕರೆಯುವ ಹೊತ್ತಿನಲ್ಲಿ’ ಎಂದರೂ ಅವರಿಗೆ ಲೆಕ್ಕ ಸಿಕ್ಕುತ್ತದೆ.