ಎಚ್‌ಐವಿ ಮಾತ್ರೆಯ ಕಂಪನಿ ಬದಲಾದಾಗ

ತಿಂಗಳ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ಬೇರೆಯೇ ಬಣ್ಣದ ಮಾತ್ರೆ. ಕಂಪನಿಯ ಹೆಸರು ಬೇರೆ, ಬೆಲೆಯೂ ಕಡಿಮೆ. ವರ್ಷಗಟ್ಟಲೆ ಒಂದೇ ಮಾತ್ರೆ ನುಂಗಿ ವೈರಸ್ಸನ್ನು ಹತೋಟಿಯಲ್ಲಿಟ್ಟುಕೊಂಡವರ ಎದೆ ಧಸಕ್ಕೆನ್ನುವುದು ಸಹಜ. ಬಿಪಿ ಮಾತ್ರೆಯಾದರೆ ಬೆಂಗಳೂರಿನ ಜಯನಗರ 4ನೇ ಬ್ಲಾಕಿನ ಯಾವ ಮೆಡಿಕಲ್ ಶಾಪಿನಲ್ಲಾದರೂ ‘ಇದೂ ಅದೂ ಒಂದೇನಾ?’ ಎಂದು ಕೇಳಿಬಿಡಬಹುದು. ಎಚ್‌ಐವಿ ಮಾತ್ರೆಯ ಬಗ್ಗೆ ಹಾಗೆ ಬಾಯಿಬಿಡುವುದು ಕಷ್ಟ. ಪಕ್ಕದಲ್ಲೇ ಅದೇ ಬೀದಿಯವರು ನಿಂತಿರುತ್ತಾರೆ. ಕೇಳದೆ ಉಳಿದ ಪ್ರಶ್ನೆ ಅನುಮಾನವಾಗುತ್ತದೆ, ಅನುಮಾನ ಬಲಿತರೆ ಮಾತ್ರೆ ತಪ್ಪುತ್ತದೆ. ನಿಜವಾದ ಅಪಾಯ ಇರುವುದು ಅಲ್ಲಿ.

ಅಗ್ಗವಾದದ್ದೆಲ್ಲ ಕಳಪೆಯಲ್ಲ. ವರ್ಷಕ್ಕೆ 10,000 ಡಾಲರ್‌ಗೂ ಹೆಚ್ಚು ಖರ್ಚಾಗುತ್ತಿದ್ದ ಮೂರು ಔಷಧಗಳ ಚಿಕಿತ್ಸೆಯನ್ನು 2001ರ ಫೆಬ್ರುವರಿಯಲ್ಲಿ ಭಾರತದ ಸಿಪ್ಲಾ ಕಂಪನಿ ದಿನಕ್ಕೆ ಒಂದು ಡಾಲರ್‌ಗಿಂತ ಕಡಿಮೆಗೆ ಕೊಡಲು ಮುಂದಾಯಿತು. 2004ರ ಏಪ್ರಿಲ್ 1ರಿಂದ ದೇಶದಲ್ಲಿ ಉಚಿತ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಶುರುವಾಯಿತು. ಅಲ್ಲಿ ಕೊಡುವುದು ಜೆನೆರಿಕ್ ಮಾತ್ರೆಗಳನ್ನೇ, ಅಂದರೆ ಅದೇ ಔಷಧವನ್ನು ಬೇರೆ ಕಂಪನಿಗಳು ಅಗ್ಗವಾಗಿ ತಯಾರಿಸಿದವು. ಜೆ.ಪಿ. ನಗರಕ್ಕೆ ಹತ್ತಿರದ ಬಿಳೇಕಹಳ್ಳಿಯಲ್ಲಿ ಕಚೇರಿ ಇರುವ ಸ್ಟ್ರೈಡ್ಸ್ ಕಂಪನಿ ಕೂಡ ಎಚ್‌ಐವಿಯ ಜೆನೆರಿಕ್ ಮಾತ್ರೆ ತಯಾರಿಸಿ ಹೊರದೇಶಗಳಿಗೆ ಪೂರೈಸಿದೆ.

ಬದಲಾವಣೆ ಸುಸೂತ್ರವಾಗಬೇಕಾದರೆ ಐದು ಹೆಜ್ಜೆಗಳನ್ನು ಗಮನದಲ್ಲಿಡಬೇಕು.

1. ಬ್ರ್ಯಾಂಡ್ ಅಲ್ಲ, ಒಳಗಿನ ಔಷಧ ನೋಡಬೇಕು

ಈಗ ಹೆಚ್ಚಿನವರಿಗೆ ಸಿಗುವುದು ‘ಟಿಎಲ್‌ಡಿ’: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿಲಿಗ್ರಾಂ ಒಂದೇ ಮಾತ್ರೆಯಲ್ಲಿ. ಹಳೆಯ ಡಬ್ಬಿಯಲ್ಲೂ ಹೊಸದರಲ್ಲೂ ಇದೇ ಹೆಸರು, ಇದೇ ಅಳತೆ ಇದ್ದರೆ ಬದಲಾದದ್ದು ಕಂಪನಿ ಮಾತ್ರ. ಆದರೆ ಟೆನೊಫೊವಿರ್‌ನಲ್ಲಿ ಎರಡು ಬಗೆಯಿದೆ. ‘ಡೈಸೊಪ್ರಾಕ್ಸಿಲ್’ 300 ಮಿಲಿಗ್ರಾಂನದು, ‘ಅಲಾಫೆನಮೈಡ್’ ಸಾಮಾನ್ಯವಾಗಿ 25ರದು. ಒಂದರ ಜಾಗಕ್ಕೆ ಇನ್ನೊಂದು ಬಂದಿದ್ದರೆ ಔಷಧವೇ ಬದಲಾದಂತೆ. ಅದು ವೈದ್ಯರು ಮಾಡಬೇಕಾದ ತೀರ್ಮಾನ. ವಿದೇಶದಲ್ಲಿ ಚಿಕಿತ್ಸೆ ಆರಂಭಿಸಿ ಊರಿಗೆ ಮರಳಿದವರು ಇದನ್ನು ತಪ್ಪದೆ ನೋಡಬೇಕು.

2. ವೈದ್ಯರ ಮುಂದೆ ಎಲ್ಲವನ್ನೂ ಹೇಳಬೇಕು

ಹೆಪಟೈಟಿಸ್ ಬಿ ಇದ್ದವರಿಗೆ ಟೆನೊಫೊವಿರ್, ಲ್ಯಾಮಿವುಡಿನ್ ಅದಕ್ಕೂ ಮದ್ದು. ಅವನ್ನು ಥಟ್ಟನೆ ನಿಲ್ಲಿಸಿದರೆ ಯಕೃತ್ತಿಗೆ ಪೆಟ್ಟು ಬೀಳಬಹುದು. ಕಿಡ್ನಿ ತೊಂದರೆ, ಕ್ಷಯಕ್ಕೆ ರಿಫಾಂಪಿಸಿನ್, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಇದ್ದರೆ ಪ್ರಮಾಣದ ಲೆಕ್ಕವೇ ಬೇರೆಯಾಗುತ್ತದೆ. ಅಸಿಡಿಟಿಗೆಂದು ಕುಡಿಯುವ ಆಂಟಾಸಿಡ್ ಡೊಲುಟೆಗ್ರಾವಿರ್ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಆಂಟಾಸಿಡ್‌ಗೆ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆಯ ನಂತರ ಎಚ್‌ಐವಿ ಮಾತ್ರೆ ತೆಗೆದುಕೊಳ್ಳಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದೇ ಅಂತರ. ಊಟದ ಜೊತೆಗಾದರೆ ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳನ್ನು ಎಚ್‌ಐವಿ ಮಾತ್ರೆಯೊಂದಿಗೆ ಒಟ್ಟಿಗೇ ನುಂಗಬಹುದು.

3. ಹಳೆಯದು ಮುಗಿಯುವ ಮೊದಲೇ ಹೊಸದು ಕೈಯಲ್ಲಿರಬೇಕು

ಖಾಸಗಿಯಾಗಿ ಕೊಳ್ಳುತ್ತಿದ್ದವರು ಉಚಿತ ಚಿಕಿತ್ಸೆಗೆ ಬರುವುದಾದರೆ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಎಆರ್‌ಟಿ ಕೇಂದ್ರಗಳಿವೆ. ಬನಶಂಕರಿ, ಜೆ.ಪಿ. ನಗರ, ಜಯನಗರದವರು ಹಸಿರು ಮಾರ್ಗದ ಮೆಟ್ರೊ ಹತ್ತಿ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದರೆ ವಿಕ್ಟೋರಿಯಾ ಪಕ್ಕದಲ್ಲೇ. ಬಿಟಿಎಂ ಬಡಾವಣೆಯವರು ಹಳದಿ ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ಬದಲಿಸಬೇಕು. ಹಳೆಯ ಚೀಟಿ, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಮತ್ತು ಸಿಡಿ4 (ರೋಗನಿರೋಧಕ ಕೋಶಗಳ ಎಣಿಕೆ) ವರದಿ, ಗುರುತಿನ ಚೀಟಿ ಜೊತೆಗಿರಲಿ. ದಾಖಲಾತಿಗೆ ಒಂದೆರಡು ಸಲ ಓಡಾಡಬೇಕಾಗಬಹುದು. ಹಾಗಾಗಿ ಡಬ್ಬಿಯಲ್ಲಿ ಹದಿನೈದು ದಿನದ ಮಾತ್ರೆ ಇರುವಾಗಲೇ ಹೊರಡುವುದು ಒಳ್ಳೆಯದು. ಯಾರಾದರೂ ಗುರುತು ಹಿಡಿದಾರೆಂಬ ಅಳುಕು ಹಲವರನ್ನು ಮನೆಯಲ್ಲೇ ಕೂರಿಸುತ್ತದೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ, ರೋಗಿಯ ಒಪ್ಪಿಗೆಯಿಲ್ಲದೆ ಅವರ ಸ್ಥಿತಿಯನ್ನು ಸಾಮಾನ್ಯವಾಗಿ ಬಹಿರಂಗಪಡಿಸುವಂತಿಲ್ಲ.

4. ಮಾತ್ರೆ ಡಬ್ಬಿಯಲ್ಲೇ ಇರಲಿ

ಮನೆಯವರ ಕಣ್ಣಿಗೆ ಬೀಳಬಾರದೆಂದು ಕೆಲವರು ಲೇಬಲ್ ಕಿತ್ತು ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದುಕೊಳ್ಳುತ್ತಾರೆ. ಡಬ್ಬಿಯೊಳಗಿನ ಪುಟ್ಟ ಪೊಟ್ಟಣ ತೇವ ಹೀರುವುದಕ್ಕೆಂದೇ ಇರುವುದು. ಅದರಿಂದ ಬೇರ್ಪಟ್ಟ ಮಾತ್ರೆ ಮಳೆಗಾಲದ ತೇವಕ್ಕೆ ಕೆಡಬಹುದು. ಲೇಬಲ್ ಕೀಳಲೇಬೇಕಾದರೆ ಮೊದಲು ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ, ಕಂಪನಿಯ ಹೆಸರು ಕಾಣುವಂತೆ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಬೇಕು.

5. ವೈರಲ್ ಲೋಡ್ ನೋಡಿ ತೀರ್ಮಾನಿಸಬೇಕು

ಹೊಸ ಮಾತ್ರೆ ನುಂಗಿದ ಮೊದಲ ವಾರ ತಲೆನೋವು, ನಿದ್ದೆಗೇಡು ಕಾಣಿಸಿದರೆ ಎಲ್ಲವನ್ನೂ ಜೆನೆರಿಕ್ ತಲೆಗೆ ಕಟ್ಟಬಾರದು. ಆತಂಕವೂ ಇದನ್ನೆಲ್ಲ ತರುತ್ತದೆ. ಮೈಮೇಲೆ ದದ್ದು, ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ ಇದ್ದರೆ ಮಾತ್ರ ತಡಮಾಡದೆ ವೈದ್ಯರನ್ನು ಕಾಣಬೇಕು. ತಾವಾಗಿಯೇ ಮಾತ್ರೆ ಬಿಡುವುದು ಬೇಡ. ಬಿಟ್ಟು ಬಿಟ್ಟು ನುಂಗಿದರೆ ವೈರಸ್ ಔಷಧಕ್ಕೆ ಜಗ್ಗದಂತಾಗುತ್ತದೆ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂಬುದನ್ನು ವೈರಲ್ ಲೋಡ್ ಪರೀಕ್ಷೆ ಅಂಕಿಯಲ್ಲೇ ಹೇಳುತ್ತದೆ. ಬದಲಾವಣೆಗೆ ಮುಂಚಿನ ವರದಿಯನ್ನೂ ನಂತರದ ವರದಿಯನ್ನೂ ಒಂದೇ ಫೈಲಿನಲ್ಲಿಟ್ಟು, ಮುಂದಿನ ಭೇಟಿಯಲ್ಲಿ ವೈದ್ಯರ ಜೊತೆ ಕೂತು ಹೋಲಿಸಬೇಕು. ನಡುವೆ ಸಂಶಯ ಬಂದರೆ, ಹೆಸರು ಹೇಳದೆಯೂ ಕೇಳಬಹುದಾದ ಉಚಿತ ಸಹಾಯವಾಣಿ 1097 ಇದೆ.