‘ಲೈಸೆನ್ಸ್ ಬೇಡ’ ಎಂದರು ಅಂಗಡಿಯವರು

ಪ್ರಶ್ನೆ: ಮೇಡಂ, ನಮ್ಮ ಮನೆ ಬಸವೇಶ್ವರನಗರದಲ್ಲಿ, ಹಾವನೂರು ವೃತ್ತದ ಹತ್ತಿರ. ಮಗ ಎರಡನೇ ಪಿಯುಸಿ. ವಿಜಯನಗರಕ್ಕೆ ಸಿಇಟಿ ಕೋಚಿಂಗ್‌ಗೆ ಹೋಗಿಬರಲು ಎಲೆಕ್ಟ್ರಿಕ್ ಸ್ಕೂಟರ್ ಬೇಕೆಂದು ಹಟ ಹಿಡಿದಿದ್ದಾನೆ. 18 ತುಂಬಲು ಇನ್ನೂ ಏಳು ತಿಂಗಳಿದೆ. ‘ಈ ಗಾಡಿಗೆ ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಇನ್ಶೂರೆನ್ಸೂ ಬೇಡ. ಸ್ಪೀಡ್ ಸಾಲದಿದ್ದರೆ ಲಾಕ್ ತೆಗೆದುಕೊಡುತ್ತೇವೆ, 45ರವರೆಗೆ ಹೋಗುತ್ತದೆ’ ಎಂದರು ಅಂಗಡಿಯವರು. ನಮ್ಮವರು ಒಪ್ಪಿಯೂ ಬಿಟ್ಟರು. ನನಗೆ ಮಾತ್ರ ರಾತ್ರಿ ನಿದ್ದೆ ಬರುತ್ತಿಲ್ಲ. ಬಾಡಿಗೆ ಮನೆ, ಮೊದಲ ಮಹಡಿ. ಚಾರ್ಜ್ ಮಾಡುವುದು ಮೆಟ್ಟಿಲ ಕೆಳಗೇ. ಇನ್ನೊಂದು ಮಾತು, ನಗಬೇಡಿ: ನನಗೂ ಗಾಡಿ ಓಡಿಸುವ ಆಸೆಯಿದೆ. ವಯಸ್ಸು 46. ಸೈಕಲ್ ಬಿಟ್ಟರೆ ಬೇರೇನೂ ತುಳಿದವಳಲ್ಲ.
– ಹೆಸರು ಬೇಡ, ಬಸವೇಶ್ವರನಗರ

ಉತ್ತರ: ನಗಲಿಲ್ಲ ತಾಯಿ. ಪತ್ರದ ಕೊನೆಯಲ್ಲಿ ನಾಚಿಕೊಂಡು ಬರೆದ ಆ ಎರಡು ಸಾಲೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡವು. ಅಲ್ಲಿಗೆ ಆಮೇಲೆ ಬರುತ್ತೇನೆ.

ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಮೋಟರ್ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ.ಯೊಳಗೆ ಇದ್ದರೆ ಕೇಂದ್ರ ಮೋಟಾರು ವಾಹನ ನಿಯಮಗಳು ಅದನ್ನು ಮೋಟಾರು ವಾಹನವೆಂದೇ ಎಣಿಸುವುದಿಲ್ಲ. ಆದ್ದರಿಂದ ನೋಂದಣಿಯಿಲ್ಲ, ಲೈಸೆನ್ಸ್ ಇಲ್ಲ, ವಿಮೆ ಕಡ್ಡಾಯವಿಲ್ಲ. ಊಟ ತಲುಪಿಸುವ ಹುಡುಗರು ನಿಮ್ಮ ಬೀದಿಯಲ್ಲಿ ನಂಬರ್ ಪ್ಲೇಟ್ ಇಲ್ಲದ ಪುಟ್ಟ ಗಾಡಿಗಳಲ್ಲಿ ಓಡಾಡುತ್ತಾರಲ್ಲ, ಅವು ಈ ಜಾತಿಯವು.

ಸುಳ್ಳಿರುವುದು ಅವರ ಎರಡನೇ ಮಾತಿನಲ್ಲಿ. ಲಾಕ್ ತೆಗೆದ ಗಳಿಗೆಯಿಂದ ಅದು ಮೋಟಾರು ವಾಹನ. 45ರಲ್ಲಿ ಓಡುವ ಆ ಗಾಡಿಗೆ ಆರ್‌ಸಿ ಇಲ್ಲ, ವಿಮೆಯಿಲ್ಲ, ಓಡಿಸುವ ಹುಡುಗನಿಗೆ ಲೈಸೆನ್ಸ್ ಇಲ್ಲ. ಅಪ್ರಾಪ್ತರು ವಾಹನ ಓಡಿಸಿ ಅಪರಾಧ ಮಾಡಿದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಹೊಣೆ ಪೋಷಕರ ಮತ್ತು ಮಾಲೀಕರ ತಲೆಗೆ: 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ನಮ್ಮ ರಾಜ್ಯದ ನ್ಯಾಯಾಲಯಗಳು ಅಪ್ಪ ಅಮ್ಮಂದಿರಿಗೆ ಈ ದಂಡ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ನಿಮ್ಮವರಿಗೆ ಓದಿ ಹೇಳಿ.

ದಂಡವಾದರೂ ಒಂದು ಸಲ ಕಟ್ಟಿ ಮುಗಿಯುತ್ತದೆ. ನನಗೆ ಹೆಚ್ಚು ಭಯ ವಿಮೆಯ ವಿಷಯದಲ್ಲಿ. ಹಾಲಿಗೆಂದು ಹೊರಟ ಯಾರೋ ಹಿರಿಯರಿಗೆ ನಿಮ್ಮ ಮಗ ಗುದ್ದಿ, ಅವರ ಸೊಂಟದ ಮೂಳೆ ಮುರಿಯಿತೆನ್ನಿ. ಲೈಸೆನ್ಸ್ ಇದ್ದವರು ಓಡಿಸಿದ, ವಿಮೆಯಿದ್ದ ಗಾಡಿಯಾದರೆ ಪರಿಹಾರವನ್ನು ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ಅದು ನಿಮ್ಮ ಕೈಯಿಂದ, ನಿಮ್ಮ ಒಡವೆಯಿಂದ ಹೋಗಬೇಕು. ಈ ಗಾಡಿಗಳು ಸದ್ದು ಮಾಡುವುದಿಲ್ಲ ಎಂಬುದು ನೆನಪಿರಲಿ. ನಮ್ಮ ಅಡ್ಡರಸ್ತೆಗಳಲ್ಲಿ ಜನ ಕಣ್ಣಿಗಿಂತ ಕಿವಿಯನ್ನು ನಂಬಿ ರಸ್ತೆ ದಾಟುತ್ತಾರೆ.

‘ಹಾಗಾದರೆ ಲಾಕ್ ತೆಗೆಸದೆ 25ರಲ್ಲೇ ಓಡಿಸಲಿ’ ಎನ್ನಬಹುದು. ಕಾನೂನು ಅಡ್ಡ ಬರುವುದಿಲ್ಲ, ನಿಜ. ಆದರೆ ದಾರಿ ನೋಡಿ. ನಿಮ್ಮ ಮನೆಯಿಂದ ವಿಜಯನಗರಕ್ಕೆ ಹೋಗುವುದೆಂದರೆ ಎಲ್ಲಾದರೂ ಒಂದು ಕಡೆ ಮಾಗಡಿ ರಸ್ತೆಯನ್ನು ದಾಟಲೇಬೇಕು. ಆ ಗಾಡಿಯ 250 ವ್ಯಾಟ್ ಎಷ್ಟೆಂದು ತಿಳಿಯಲು ನಿಮ್ಮ ಮಿಕ್ಸಿಯ ತಳ ತಿರುಗಿಸಿ ಓದಿ: 500 ಅಥವಾ 750 ವ್ಯಾಟ್ ಎಂದಿರುತ್ತದೆ. ಚಟ್ನಿ ಅರೆಯುವ ಮೋಟರಿನ ಅರ್ಧ, ಮೂರನೇ ಒಂದು ಪಾಲು ಶಕ್ತಿಯಲ್ಲಿ ನಿಮ್ಮ ಮಗ ಬಿಎಂಟಿಸಿ ಬಸ್ಸಿಗೂ ಜಲ್ಲಿ ಲಾರಿಗೂ ನಡುವೆ ಸಾಗಬೇಕು. ಗೆಳೆಯನನ್ನು ಹಿಂದೆ ಕೂರಿಸಿಕೊಂಡು ವೆಸ್ಟ್ ಆಫ್ ಕಾರ್ಡ್ ರಸ್ತೆಯ ಶಿವನಗರ ಮೇಲ್ಸೇತುವೆ ಹತ್ತಿದರಂತೂ ಗಾಡಿಗೆ ಉಸಿರೇ ಸಾಲದು. ಹಿಂದಿನಿಂದ ಬರುವವನಿಗೆ ಮುಂದೆ ಗಾಡಿ ನಿಂತೇಬಿಟ್ಟಂತೆ ಕಾಣುತ್ತದೆ. ಒಳಗಿನ ಅಡ್ಡರಸ್ತೆಗಳಲ್ಲಿ ತರಕಾರಿ, ಗ್ರಂಥಾಲಯ, ದೇವಸ್ಥಾನ ಎಂದು ಸುತ್ತಲು ಅದು ಒಳ್ಳೆಯ ಗಾಡಿಯೇ. ಕೋಚಿಂಗ್‌ಗೆ ನಾನಾದರೆ ಕಳಿಸುವುದಿಲ್ಲ.

16ಕ್ಕೇ ಲೈಸೆನ್ಸ್ ಸಿಗುತ್ತದೆ ಎಂದು ಪಕ್ಕದ ಮನೆಯವರು ಹೇಳಿಯೇ ಹೇಳುತ್ತಾರೆ. ಕಾಯ್ದೆಯಲ್ಲಿ ಇದೆ, 50 ಸಿಸಿ ಮೀರದ ಗಾಡಿಗೆ. ಅದನ್ನು ನಂಬಿ ನೋಂದಣಿಯಾಗುವ ದೊಡ್ಡ ಎಲೆಕ್ಟ್ರಿಕ್ ಸ್ಕೂಟರನ್ನು ಹದಿನೇಳರ ಹುಡುಗನ ಕೈಗೆ ಕೊಡಬೇಡಿ. ಏಳು ತಿಂಗಳು ಬಸ್ಸಿನಲ್ಲಿ ಹೋಗಲಿ. ಮುನಿಸಿಕೊಳ್ಳುತ್ತಾನೆ, ಎರಡು ದಿನ ಊಟ ಬಿಡುತ್ತಾನೆ, ಮೂರನೇ ದಿನ ತಟ್ಟೆ ಹಾಕಿಕೊಂಡು ಕೂರುತ್ತಾನೆ.

ಈಗ ನಿಮ್ಮ ವಿಷಯ. ಗಾಡಿಗೆ ಹೇಗೂ ದುಡ್ಡು ಎತ್ತಿಟ್ಟಿದ್ದೀರಿ. ಅದಕ್ಕೆ ಇನ್ನಷ್ಟು ಸೇರಿಸಿ ನೋಂದಣಿಯಾಗುವ ಸ್ಕೂಟರನ್ನೇ ಕೊಳ್ಳಿ, ನಿಮ್ಮ ಹೆಸರಿನಲ್ಲಿ. ಹಸಿರು ಪ್ಲೇಟಿನ ಮೇಲೆ ಬಿಳಿ ಅಕ್ಷರ ಇರುತ್ತದಲ್ಲ, ಅದು. ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಜೊತೆಗೇ ಬರುತ್ತದೆ. ಮೊದಲು ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್ ಮಾಡಿಸಿ. ಸಾರಥಿ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಮಗನೇ ಹಾಕಿಕೊಡಲಿ, ಅವನ ಮುನಿಸಿಗೂ ಒಂದು ಕೆಲಸ. ನಿಮಗೆ 40 ದಾಟಿರುವುದರಿಂದ ವೈದ್ಯರಿಂದ ಫಾರಂ 1ಎ, ಅಂದರೆ ವೈದ್ಯಕೀಯ ಪ್ರಮಾಣಪತ್ರ ಬೇಕು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಡಿಎಲ್ ಪರೀಕ್ಷೆಗೆ ಹೋಗಬಹುದು. ನಿಮ್ಮ ವಯಸ್ಸಿಗೆ ಸಿಗುವ ಲೈಸೆನ್ಸ್ ಹತ್ತು ವರ್ಷದ್ದು. ಅದು ಗೇರ್ ಇಲ್ಲದ ಗಾಡಿಗೆ ಮಾತ್ರ.

ಕಲಿಯುವಾಗ ಒಂದು ಎಚ್ಚರ. ಪೆಟ್ರೋಲ್ ಗಾಡಿ ಗುರ್ ಎಂದು ತಾನು ಎಚ್ಚರವಾಗಿದ್ದೇನೆಂದು ಹೇಳುತ್ತದೆ. ಇದು ಮೌನವಾಗಿ ನಿಂತಿರುತ್ತದೆ, ಆಫ್ ಆಗಿದೆ ಎಂದುಕೊಂಡು ಹ್ಯಾಂಡಲ್ ಹಿಡಿದು ಎಳೆದರೆ ಚಂಗನೆ ನೆಗೆಯುತ್ತದೆ. ನಾನು ಹೀಗೇ ನಮ್ಮ ಕಾಂಪೌಂಡಿನ ದಾಸವಾಳದ ಗಿಡದ ಮೇಲೆ ಹತ್ತಿದವಳು. ಗಿಡ ಬದುಕಿತು, ನನ್ನ ಮೊಣಕಾಲು ಇವತ್ತಿಗೂ ಚಳಿಗಾಲದಲ್ಲಿ ಮಾತಾಡುತ್ತದೆ. ಇಳಿಯುವ ಮೊದಲು, ತಳ್ಳುವ ಮೊದಲು ಕೀಲಿ ಆಫ್ ಮಾಡುವುದನ್ನು ಕೈಗೆ ರೂಢಿ ಮಾಡಿಸಿ. ಭಾನುವಾರ ಬೆಳಿಗ್ಗೆ ಆರಕ್ಕೆ ನಿಮ್ಮ ಬಡಾವಣೆಯ ಅಡ್ಡರಸ್ತೆಗಳು ಖಾಲಿ ಇರುತ್ತವೆ. ಸೈಕಲ್ ತುಳಿದವರಿಗೆ ಸಮತೋಲ ಗೊತ್ತೇ ಇದೆ, ಇನ್ನು ಕಲಿಯಬೇಕಾದ್ದು ಬ್ರೇಕು, ಕನ್ನಡಿ, ತಿರುವು ಅಷ್ಟೇ. 

ಮೆಟ್ಟಿಲ ಕೆಳಗಿನ ಚಾರ್ಜಿಂಗ್ ಬಗ್ಗೆ ನಿಮ್ಮ ಭಯ ಸರಿಯಾದದ್ದೇ. 2024ರ ನವೆಂಬರ್‌ನಲ್ಲಿ ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ವಿದ್ಯುತ್ ಸ್ಕೂಟರ್ ಮಳಿಗೆಗೆ ಬೆಂಕಿ ಬಿದ್ದು ಅಲ್ಲಿ ಕೆಲಸಕ್ಕಿದ್ದ 20 ವರ್ಷದ ಹುಡುಗಿ ಹೊರಬರಲಾಗದೆ ತೀರಿಕೊಂಡಳು. ನಿಮ್ಮ ಮೊದಲ ಮಹಡಿಯಿಂದ ಇಳಿಯಲು ಇರುವುದು ಆ ಮೆಟ್ಟಿಲೊಂದೇ ಅಲ್ಲವೇ? ಅದರ ಬಾಯಲ್ಲೇ ರಾತ್ರಿಯಿಡೀ ಬ್ಯಾಟರಿ ಬಿಸಿಯಾಗುವುದು ಬೇಡ. ಗೇಟಿನ ಪಕ್ಕದ ಗೋಡೆಗೆ ಅರ್ತಿಂಗ್ ಇರುವ 15 ಆಂಪ್ಸ್ ಪ್ಲಗ್ ಹಾಕಿಸಲು ಮನೆ ಮಾಲೀಕರನ್ನು ಕೇಳಿ, ಖರ್ಚು ನಾವೇ ಕೊಡುತ್ತೇವೆ ಎನ್ನಿ. ಸಾಮಾನ್ಯ ಸ್ಕೂಟರಿನ ಬ್ಯಾಟರಿ ತುಂಬಲು ಮೂರು ಯೂನಿಟ್ ಆಸುಪಾಸು ಕರೆಂಟ್ ಸಾಕು, ಬೇಕಾದರೆ ಸಬ್‌ಮೀಟರ್ ಹಾಕಿಸಿದರಾಯಿತು. ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಡುವುದು ಬೇಡವೇ ಬೇಡ. ಓಡಿಸಿ ಬಂದ ತಕ್ಷಣ ಚುಚ್ಚದೆ ಅರ್ಧ ಗಂಟೆ ಆರಲು ಬಿಡಿ. ಎಲ್ಲರೂ ಎಚ್ಚರವಿರುವ ಹೊತ್ತಿನಲ್ಲಿ, ಗಾಡಿಯ ಜೊತೆ ಬಂದ ಚಾರ್ಜರಿನಿಂದಲೇ ಚಾರ್ಜ್ ಮಾಡಿ.

ಐಎಸ್‌ಐ ಗುರುತಿನ ಹೆಲ್ಮೆಟ್ ಎರಡು ತೆಗೆದುಕೊಳ್ಳಿ. ಹಿಂದೆ ಕೂತವರಿಗೂ ರಾಜ್ಯದಲ್ಲಿ 2016ರಿಂದ ಕಡ್ಡಾಯ. ಎಲ್‌ಎಲ್ ಇರುವವರೆಗೆ ಕಲಿಸುವವರ ಹೊರತು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ, ಹಾಗಾಗಿ ಮಗನ ಹೆಲ್ಮೆಟ್ ಸ್ವಲ್ಪ ದಿನ ಕಪಾಟಿನಲ್ಲೇ ಇರುತ್ತದೆ. ಡಿಎಲ್ ಕೈಗೆ ಬಂದ ಮೇಲೆ ಅವನನ್ನು ಕೋಚಿಂಗ್‌ಗೆ ನೀವೇ ಬಿಟ್ಟು ಬನ್ನಿ. ಗೆಳೆಯರು ನೋಡುತ್ತಾರೆಂದು ಒಂದು ತಿರುವು ಮೊದಲೇ ಇಳಿಸು ಎನ್ನುತ್ತಾನೆ; ಇಳಿಸಿ.