ತಂಬಿಗೆಯೂ ಸಾಬೂನೂ

ಶೌಚಶುದ್ಧಿಗೆ ಕಾಗದ ಬಳಸುವ ದೇಶಗಳಲ್ಲಿ ಅದರ ಬಳಕೆಯನ್ನು ತಗ್ಗಿಸುವ ಚರ್ಚೆ ನಡೆದಿದೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ನಮಗೆ ಆ ಚಿಂತೆಯಿಲ್ಲ. ಒಂದು ತಂಬಿಗೆ ನೀರು ಸಾಕು. ಆದರೆ ಈ ಹೆಮ್ಮೆ ಅರ್ಧ ಮಾತ್ರ ಸಲ್ಲುವಂಥದು. ನೀರಿನಿಂದ ಮೈ ಶುದ್ಧವಾಯಿತು, ಹೊಲಸು ಎಡಗೈಗೆ ಬಂದಿತು. ಆ ಕೈಯನ್ನು ಮಣ್ಣಿನಿಂದ ತಿಕ್ಕುವುದು ಹಳ್ಳಿಗಳ ಹಳೆಯ ವಾಡಿಕೆ. ಬಾಲ್ಯದಲ್ಲಿ ನಾನೂ ಹಾಗೆಯೇ ಮಾಡಿದವನು. ಬಯಲುಶೌಚದ ನೆಲದ ಮಣ್ಣಿನಲ್ಲಿ ಜಂತುಹುಳದ ತತ್ತಿಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಉಗುರಿನ ಸಂದಿಯಲ್ಲಿ ಕುಳಿತು, ರೊಟ್ಟಿಯ ತುತ್ತಿನೊಡನೆ ಹೊಟ್ಟೆ ಸೇರುತ್ತವೆ. ಸಾಬೂನಾದರೋ ಕೈಯ ಜಿಡ್ಡನ್ನು ಸಡಿಲಿಸಿ, ಅದಕ್ಕಂಟಿದ ರೋಗಾಣುಗಳನ್ನು ನೀರಿನೊಡನೆ ಕೊಚ್ಚಿ ಕಳಿಸುತ್ತದೆ. 20 ಸೆಕೆಂಡು ತಿಕ್ಕಿದರಾಯಿತು. 2014ರಲ್ಲಿ ಸ್ವಚ್ಛ ಭಾರತ ಅಭಿಯಾನ ಆರಂಭವಾದ ಮೇಲೆ ಅನೇಕ ಹಿತ್ತಲುಗಳಲ್ಲಿ ಶೌಚಾಲಯಗಳೆದ್ದವು. ತಂಬಿಗೆ ಅದರೊಳಗೆ ಬಂದಿತು. ಸಾಬೂನು ಮಾತ್ರ ಅದೆಷ್ಟೋ ಕಡೆ ಇನ್ನೂ ಬಚ್ಚಲಲ್ಲಿಯೇ ಉಳಿದಿದೆ.